ಹಿತ್ತಿಲ ಬಾಗಿಲಿನ ದನಿ

ನಮ್ಮೂರಲ್ಲಿ ಕಾಲುವೆಯ ಆಚೆಯವರ ಮಾತು ಈಚೆಯವರಿಗೆ ಕೇಳಿಸುವುದಿಲ್ಲ. ಸೇತುವೆಯ ನಡುವೆ ಒಂದು ಕಬ್ಬಿಣದ ಪಟ್ಟಿ ಇದೆ. ಆಚೆಕೇರಿಯವರು ಮಾತಾಡುತ್ತ ಅಲ್ಲಿಯವರೆಗೆ ಬರುತ್ತಾರೆ. ಪಟ್ಟಿ ದಾಟಿದ ಮೇಲೆ ತುಟಿ ಅಲ್ಲಾಡುತ್ತದೆ, ದನಿ ಇರುವುದಿಲ್ಲ. ನಾನು ಹುಟ್ಟುವ ಮೊದಲಿನಿಂದಲೂ ಹೀಗೆಯೇ. ನಮ್ಮ ಮಾತು ಅವರಿಗೆ ಚೆನ್ನಾಗಿ ಕೇಳಿಸುತ್ತದೆ. ಅವರವರ ಮಾತೂ ಅವರಿಗೆ ಕೇಳಿಸುತ್ತದೆ. ಚರಂಡಿ ತೆಗೆಯುವ ಹೆಂಗಸರು ಬೀದಿಯಲ್ಲಿ ನಿಂತು ಏನೋ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ನಮ್ಮ ಬಗ್ಗೆಯೇ ಇರಬಹುದು ಎಂದು ನಾವು ಕಿಟಕಿ ಹಾಕಿಕೊಳ್ಳುತ್ತಿದ್ದೆವು.

ಊರು ಇದಕ್ಕೆ ಹೊಂದಿಕೊಂಡಿತ್ತು. ಕೈಸನ್ನೆಗಳಿದ್ದವು. ಐದು ಬೆರಳು ಕೂಡಿಸಿ ಬಾಯಿಗೆ ಒಯ್ದರೆ ಅನ್ನ, ಬೊಗಸೆ ಹಿಡಿದರೆ ನೀರು, ಕಣ್ಣು ಮುಚ್ಚಿ ತಲೆ ವಾಲಿಸಿದರೆ ಯಾರೋ ತೀರಿಕೊಂಡಿದ್ದಾರೆ. ಇಷ್ಟರಲ್ಲೇ ವ್ಯವಹಾರ ನಡೆಯುತ್ತಿತ್ತು. ಸಾವಿನ ಮನೆಗೆ ಅವರ ತಮಟೆ ಬೇಕೇ ಬೇಕು. ಹೆಣದ ಮುಂದೆ ನಾಲ್ಕು ಜನ ಮೈಯೆಲ್ಲ ಬೆವರಾಗುವಂತೆ ಬಾರಿಸುತ್ತ ನಡೆಯುತ್ತಿದ್ದರು. ಕೋಲು ಚರ್ಮದ ಮೇಲೆ ಬೀಳುವುದು ಕಾಣುತ್ತಿತ್ತು, ಸದ್ದಿಲ್ಲ. ಬೀದಿನಾಯಿಗಳು ಮಾತ್ರ ಕಿವಿ ನಿಮಿರಿಸಿಕೊಂಡು ಹೆದರಿ ಬದಿಗೆ ಸರಿಯುತ್ತಿದ್ದವು.

ನನ್ನ ಹೆಸರು ವನಮಾಲಾ. ಊರಿನ ಕೇಬಲ್ ಟೀವಿಯಲ್ಲಿ ಎಂಟು ವರ್ಷ ವಾರ್ತೆ ಓದುತ್ತಿದ್ದೆ. ಅದು ಮುಚ್ಚಿದ ಮೇಲೆ ನನ್ನದೇ ಪಾಡ್‌ಕಾಸ್ಟ್ ಶುರುಮಾಡಿದೆ. ಹಾಸಿಗೆ ಇಡುವ ಸಣ್ಣ ಕೋಣೆಯ ಗೋಡೆಗಳಿಗೆ ಹಳೆಯ ರಗ್ಗು ಹೊಡೆದು ಸ್ಟುಡಿಯೋ ಮಾಡಿಕೊಂಡೆ. ಒಂದು ರೆಕಾರ್ಡರು, ಒಂದು ಮೈಕು, ಒಂದು ಹೆಡ್‌ಫೋನು. ಊರಿನ ಹಾಡುಗಾರರನ್ನೂ ವಾದ್ಯದವರನ್ನೂ ಕರೆತಂದು ಕೂರಿಸುತ್ತಿದ್ದೆ: ಹಾರ್ಮೋನಿಯಂ ಮೇಷ್ಟ್ರು, ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತ ಕೊಳಲು ಕಲಿತಾತ, ಬ್ಯಾಂಡ್ ಸೆಟ್ಟಿನ ಕ್ಲಾರಿಯೋನೆಟ್ಟಿನವರು. ಕೇಳುವವರು ಅರವತ್ತೆಪ್ಪತ್ತು ಜನ. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಅಪ್ಪ ನನಗೆ ಮುಖ ನೆನಪಿಲ್ಲದಷ್ಟು ಮುಂಚೆ ಹೋದರು. ಅಮ್ಮ ಸುಭದ್ರಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಊರಿಗೆಲ್ಲ ಅವಳು ಸಿಸ್ಟರಮ್ಮ.

ಒಂದು ದಿನ ಹೊಸ ಮನೆಯ ಗೃಹಪ್ರವೇಶದಲ್ಲಿ ಕ್ಲಾರಿಯೋನೆಟ್ ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಗೇಟಿನ ಹೊರಗೆ ಪದ್ಧತಿಯಂತೆ ಆಚೆಕೇರಿಯ ಇಬ್ಬರು ತಮಟೆಯವರು, ಜೊತೆಗೆ ಒಬ್ಬ ಹೆಂಗಸು ನಿಂತಿದ್ದರು. ಮರುದಿನ ಬೆಳಿಗ್ಗೆ ಹೆಡ್‌ಫೋನು ಹಾಕಿಕೊಂಡು ಕೇಳುತ್ತ ಕೂತಾಗ ಕ್ಲಾರಿಯೋನೆಟ್ಟಿನ ಹಿಂದೆ ಏನೋ ಮೊಳಗಿತು. ತಮಟೆ. ಅದರ ಮೇಲೆ ಒಂದು ಹೆಣ್ಣುದನಿ ಎದ್ದು ಬಂತು. ಒರಟು ದನಿ, ಆದರೆ ಎಲ್ಲೂ ಅಳುಕಿಲ್ಲ. ಹೆಡ್‌ಫೋನು ತೆಗೆದೆ, ಮನೆ ಸುಮ್ಮನಿತ್ತು. ಹಾಕಿಕೊಂಡೆ, ಅವಳು ಹಾಡುತ್ತಲೇ ಇದ್ದಳು.

ಅಮ್ಮನ ಕಿವಿಗೆ ಹಾಕಿದೆ. ಅಮ್ಮ ಕಣ್ಣುಮುಚ್ಚಿ ಕೇಳಿದಳು. "ಯಾರೇ ಇವಳು? ಎಷ್ಟು ಚೆನ್ನಾಗಿ ಹಾಡ್ತಾಳೆ."

"ಆಚೆಕೇರಿಯವಳು ಅಮ್ಮ. ನಿನ್ನೆ ಗೇಟಿನ ಹತ್ತಿರ ನಿಂತಿದ್ದಳು."

ಅಮ್ಮ ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟಳು. "ನಿನ್ನ ಮಿಷಿನ್ ಏನೋ ಕೆಟ್ಟಿರಬೇಕು, ತೋರಿಸು" ಎಂದು ಅಡುಗೆಮನೆಗೆ ಹೋದಳು.

ನಾನು ಮೊದಲ ಸಲ ಸೇತುವೆ ದಾಟಿದ್ದು ಆ ವಾರ. ನಮ್ಮ ಕಡೆಯವರು ಆಚೆ ಹೋಗುವುದೇ ಇಲ್ಲ. ಜನಗಣತಿಗೆ, ಮತದಾರರ ಪಟ್ಟಿಗೆ ಹೋದವರು ವಾಪಸು ಬಂದು ಅದರ ಬಗ್ಗೆ ಮಾತಾಡುವುದಿಲ್ಲ. ಕಬ್ಬಿಣದ ಪಟ್ಟಿಯ ಮೇಲೆ ಕಾಲಿಟ್ಟೆ. ಒಮ್ಮೆಲೇ ಸದ್ದು ಮುಖಕ್ಕೆ ಬಡಿಯಿತು. ಒನಕೆ ಕುಟ್ಟುವುದು, ಮಗ್ಗಿ ಹೇಳುವ ಮಕ್ಕಳು, ನಲ್ಲಿಯ ಹತ್ತಿರ ಇಬ್ಬರು ಹೆಂಗಸರ ಜಗಳ. ಜನ ತುಂಬಿದ ಮನೆಯ ಬಾಗಿಲನ್ನು ತಳ್ಳಿಕೊಂಡು ಒಳಹೊಕ್ಕ ಹಾಗಾಯಿತು.

ಹಾಡಿದವಳ ಹೆಸರು ಹುಲಿಗೆವ್ವ. ಅರವತ್ತರ ಮೇಲಿನ ಹೆಂಗಸು, ಮನೆಯ ಮುಂದೆ ಈಚಲುಗರಿಯ ಪೊರಕೆ ಕಟ್ಟುತ್ತಿದ್ದಳು. ಅವಳ ತಮ್ಮ ಕೆಂಚಪ್ಪ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತಿದ್ದ. ನಾನು ಹೆಸರು ಹೇಳುವ ಮುಂಚೆಯೇ ಅವಳು ಕೇಳಿದಳು: "ಸಿಸ್ಟರವ್ವನ ಮಗಳಲ್ಲೇನು ನೀನು?"

"ಹೌದು. ಹೇಗೆ ಗೊತ್ತಾಯ್ತು?"

"ನಾವು ನಿಮ್ಮೂರಾಗೆ ಕಿವಿ ಮುಚ್ಕಂಡು ಓಡಾಡ್ತೀವೇನು? ನಿಮ್ಮ ಮನೆಮನೆ ಸುದ್ದೀನೂ ನಮಗೆ ಗೊತ್ತು." ಕೆಂಚಪ್ಪ ನಕ್ಕ. ಅವಳು ನಗಲಿಲ್ಲ. ನಾನು ಬಂದ ಕಾರಣ ಹೇಳಿದೆ. ರೆಕಾರ್ಡರಿನಲ್ಲಿ ಅವಳದೇ ಹಾಡನ್ನು ಕೇಳಿಸಿದೆ. ಪೊರಕೆಯ ಹುರಿ ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದಳು.

"ಇದು ಆಚೆ ದಂಡೆಯೋರಿಗೂ ಕೇಳ್ತದಾ?"

"ಕೇಳುತ್ತೆ. ನಾನು ನಮ್ಮ ಮನೆಯಲ್ಲಿ ಕೂತು ಕೇಳಿದೀನಿ."

ಹುರಿಯನ್ನು ಎಳೆದು ಗಂಟು ಬಿಗಿದಳು. ಆಮೇಲೆ, "ಹಾಡ್ತೀನಿ, ಮಾತೂ ಆಡ್ತೀನಿ. ಆದ್ರೆ ನೀನು ಕತ್ತರಿಸಬಾರ್ದು. ಏನು ಹೇಳ್ತೀನೋ ಅಷ್ಟೂ ಹೋಗ್ಬೇಕು. ನಾನು ಕೆಮ್ಮಿದ್ರೆ ಕೆಮ್ಮೂ ಹೋಗ್ಬೇಕು" ಎಂದಳು.

"ಒಂದು ಅಕ್ಷರಾನೂ ತೆಗೆಯಲ್ಲ" ಎಂದು ಮಾತು ಕೊಟ್ಟೆ.

ಅವಳು ಹಾಡಿದಳು. ಅವಳೇ ಕಟ್ಟಿದ ಪದವಂತೆ.

ಹಗಲು ಬಂದು ಕರೆದೆನವ್ವ, ಕದವ ತೆರೆದು ನಿಂತರು,
ಕೈಯ ನೋಡಿ ಕೊಟ್ಟರವ್ವ, ಮುಖವ ನೋಡದೆ ಹೋದರು.

ಆ ಕಂತು ಪ್ರಸಾರವಾದ ವಾರ ಊರಲ್ಲಿ ಬೇರೆ ಮಾತಿರಲಿಲ್ಲ. ಗೋವರ್ಧನ ಭಟ್ಟರ ಹೋಟೆಲಿನಲ್ಲಿ ಗಿರಾಕಿಗಳು ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ಕೇಳಿದರು. ದಿನವೂ ತಮ್ಮ ಬೀದಿ ಗುಡಿಸುವ ಹೆಂಗಸಿಗೆ ಇಂಥ ದನಿ ಇದೆಯೇ ಎಂದು ಕೆಲವರಿಗೆ ಆಶ್ಚರ್ಯ, ಕೆಲವರಿಗೆ ಏನೋ ಕಸಿವಿಸಿ. ಅವಳು ಬೀದಿಗೆ ಬಂದಾಗ ಮಾತ್ರ ಹಿಂದಿನಂತೆಯೇ ತುಟಿ ಅಲ್ಲಾಡುತ್ತಿತ್ತು, ಅಷ್ಟೆ. ಕೇಳುವವರು ನಾಲ್ಕು ಸಾವಿರ ದಾಟಿದರು. ಮುಂದಿನ ಕಂತಿನಲ್ಲಿ ಕೆಂಚಪ್ಪ ತಮಟೆಗೆ ಚರ್ಮ ಬಿಗಿಯುವುದನ್ನು ಹೇಳಿದ, ಯಾರ್ಯಾರ ಹೆಣದ ಮುಂದೆ ಬಾರಿಸಿದ್ದೇನೆ ಎಂದು ಹೆಸರು ಹಿಡಿದು ಹೇಳಿದ. ಅದರ ಮುಂದಿನದರಲ್ಲಿ ಚರಂಡಿಯ ಗುಂಡಿಗೆ ಇಳಿದು ಗಂಡನನ್ನು ಕಳೆದುಕೊಂಡವಳೊಬ್ಬಳು ಮಾತಾಡಿದಳು.

ವರ್ತಕರ ಸಂಘದ ಅಧ್ಯಕ್ಷ ವಿರೂಪಣ್ಣ ಮನೆಗೇ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಹಾಡು ಹಾಕಮ್ಮ, ನಮಗೂ ಸಂತೋಷವೇ. ಮಾತು ಯಾಕೆ? ಮಾತು ಶುರುವಾದರೆ ಎಲ್ಲಿಗೆ ನಿಲ್ಲುತ್ತೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ" ಎಂದರು. ಬೆದರಿಸಿದ ಹಾಗಿರಲಿಲ್ಲ. ಅವರೇ ಹೆದರಿದ ಹಾಗಿತ್ತು.

ಐದನೆಯ ಕಂತು ಹೋದ ಮೇಲೆ ಭಟ್ಟರ ಹೋಟೆಲಿನಲ್ಲಿ ಅದು ಶುರುವಾಯಿತು. ಬೆಳಿಗ್ಗೆ ಹತ್ತು ಗಂಟೆ. ಹಿಂಬದಿಗೆ ಒಂದು ಕಿಟಕಿ ಇತ್ತು. ಭಟ್ಟರ ತಂದೆಯ ಕಾಲದಲ್ಲಿ ಆಚೆಕೇರಿಯವರಿಗೆ ಅಲ್ಲಿಂದಲೇ ಚಹಾ ಹೊಯ್ಯುತ್ತಿದ್ದರು, ಕರಟಕ್ಕೆ, ಎತ್ತರದಿಂದ. ಕಿಟಕಿಗೆ ಹಲಗೆ ಹೊಡೆದು ಇಪ್ಪತ್ತು ವರ್ಷವಾಗಿತ್ತು. ಆ ಹಲಗೆಯ ಹಿಂದಿನಿಂದ ಒಬ್ಬ ಗಂಡಸಿನ ದನಿ ಬಂತು: "ಸ್ವಾಮೀ, ಕೈ ಸುಡ್ತೈತೆ. ಮೆಲ್ಲಕೆ ಹುಯ್ರೀ." ಭಟ್ಟರು ಓಡಿಹೋಗಿ ಹಿಂದೆ ನೋಡಿದರು. ಯಾರೂ ಇರಲಿಲ್ಲ. ಮರುದಿನ ಹತ್ತಕ್ಕೆ ಅದೇ ದನಿ, ಅದೇ ಮಾತು. ಅದರ ಮರುದಿನವೂ.

ಆಮೇಲೆ ಒಂದೊಂದೇ ಕಡೆ. ಶಾಲೆಯ ಮೂರನೇ ತರಗತಿಯ ಕಿಟಕಿಯ ಹೊರಗೆ ಮಧ್ಯಾಹ್ನ ಒಂದು ಮಗು ಪಾಠ ಓದುತ್ತಿತ್ತು. ಒಳಗೆ ಮೇಷ್ಟ್ರು ಹೇಳಿಕೊಟ್ಟದ್ದನ್ನು ಹೊರಗೆ ನಿಂತು ಹೇಳಿಕೊಳ್ಳುವಂತೆ, ಒಂದೊಂದು ಪದ ಹಿಂದೆ. ವಿರೂಪಣ್ಣನವರ ಹತ್ತಿ ಗೋದಾಮಿನಲ್ಲಿ ಸಂಜೆ ನಾಲ್ಕಕ್ಕೆ ಒಳಗಿನಿಂದ ಬಾಗಿಲು ಬಡಿಯುವ ಸದ್ದು. "ಬಾಗಿಲು ತೆಗೀರಣ್ಣ, ನಾವಿನ್ನೂ ಒಳಗಿದ್ದೀವಿ, ಹೊಗೆ ತುಂಬೈತೆ." ಆ ಗೋದಾಮಿಗೆ ಬೆಂಕಿ ಬಿದ್ದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಒಳಗೆ ಯಾರೂ ಇರಲಿಲ್ಲ ಎಂದೇ ಊರು ನಂಬಿತ್ತು.

ದನಿಗಳು ಹಿಂದೆ ನಮಗೆ ಕೇಳಿಸದೆ ಹೋದಾಗ ಯಾವ ಜಾಗದಲ್ಲಿ, ಯಾವ ಹೊತ್ತಿಗೆ ಆಡಿದ್ದವೋ ಅಲ್ಲೇ, ಅದೇ ಹೊತ್ತಿಗೆ ಬರುತ್ತಿದ್ದವು. ಊರು ಇದಕ್ಕೂ ಹೊಂದಿಕೊಳ್ಳತೊಡಗಿತು. ಭಟ್ಟರು ಹತ್ತಕ್ಕೆ ಸರಿಯಾಗಿ ಗ್ರೈಂಡರ್ ಹಾಕಿದರು. ಶಾಲೆಯವರು ತರಗತಿ ಬದಲಿಸಿದರು. ಮೆಡಿಕಲ್ ಶಾಪಿನಲ್ಲಿ ಹತ್ತಿ ಸಿಗದಂತಾಯಿತು. ಹೆಂಗಸರು ತರಕಾರಿ ಕೊಳ್ಳುತ್ತ, "ನಮ್ಮಲ್ಲಿ ಹನ್ನೊಂದೂವರೆಗೆ, ನಿಮ್ಮಲ್ಲಿ?" ಎಂದು ತಗ್ಗಿದ ದನಿಯಲ್ಲಿ ಕೇಳಿಕೊಳ್ಳುತ್ತಿದ್ದರು. ನೆಂಟರನ್ನು ಆ ಹೊತ್ತು ತಪ್ಪಿಸಿ ಕರೆಯುತ್ತಿದ್ದರು. ಯಾವ ದನಿಯೂ ಬಾರದ ಮನೆಯವರು ಸ್ವಲ್ಪ ತಲೆಯೆತ್ತಿ ನಡೆಯುತ್ತಿದ್ದರು. ನಾವು ಆ ಪೈಕಿ ಎಂದು ನಾನು ತಿಳಿದಿದ್ದೆ. ಅಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಟೀವಿಯನ್ನು ಕಿವಿ ಒಡೆಯುವ ಹಾಗೆ ಹಾಕುತ್ತಿದ್ದುದನ್ನು ಗಮನಿಸಿದ್ದೆ, ಅರ್ಥಮಾಡಿಕೊಂಡಿರಲಿಲ್ಲ.

ಒಂದು ಭಾನುವಾರ ಕರೆಂಟು ಹೋಯಿತು. ಟೀವಿ ಆರಿತು. ಅಮ್ಮ ಕೈಯಲ್ಲಿ ಸೌಟು ಹಿಡಿದು ಅಡುಗೆಮನೆಯ ನಡುವೆ ಕಲ್ಲಿನಂತೆ ನಿಂತಳು. ಹಿತ್ತಿಲ ಬಾಗಿಲು ಹಾಕಿತ್ತು. ಅದರಾಚೆಯಿಂದ ಒಬ್ಬ ಹರೆಯದ ಹೆಂಗಸು ಏದುಸಿರಿನಲ್ಲಿ ಮಾತಾಡಿದಳು.

"ಸಿಸ್ಟರವ್ವಾ, ಮಗಿ ಕಣ್ಣು ಮೇಲಕ್ಕೆ ಮಾಡೈತೆ. ಬೆಳಗ್ಗಿಂದ ಹಾಲು ಕುಡಿದಿಲ್ಲ. ಒಂದ್ಸಾರಿ ಮುಟ್ಟಿ ನೋಡವ್ವ." ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ಅನ್ನ ಬ್ಯಾಡವ್ವ, ಅನ್ನ ಕೇಳ್ಲಿಲ್ಲ ನಾನು, ಮಗೀನ ನೋಡು, ಅವ್ವಾ, ಅವ್ವಾ." ಬರಿಗಾಲಿನ ಸಪ್ಪಳ ದೂರವಾಯಿತು.

ಮೂವತ್ತು ವರ್ಷ ಚಿಕ್ಕದಾಗಿದ್ದರೂ ದನಿಯ ಗುರುತು ಹತ್ತಿತು. ಹುಲಿಗೆವ್ವ. ಅನ್ನದ ಮಾತು ಬಂದಾಗ ನನಗೊಂದು ನೆನಪು ಬಂತು. ಅದನ್ನು ಅಮ್ಮನ ಮುಂದೆ ಹೇಳಲಿಲ್ಲ. "ಎಷ್ಟು ದಿನದಿಂದ?" ಎಂದಷ್ಟೇ ಕೇಳಿದೆ.

"ಇಪ್ಪತ್ತಾರು ದಿನ" ಎಂದಳು ಅಮ್ಮ. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ನನಗೆ ಅವಳ ಮಾತು ಕೇಳಿಸಲಿಲ್ಲ ಅಂತ ಇಷ್ಟು ವರ್ಷ ಅಂದುಕೊಂಡೇ ಬಂದೆ ಕಣೇ. ಮಗು ಸೊಂಟದ ಮೇಲಿತ್ತು. ಕತ್ತು ವಾಲಿತ್ತು. ನಾನು ನರ್ಸು. ಕಿವಿ ಬೇಕಿರಲಿಲ್ಲ, ಕಣ್ಣೇ ಸಾಕಿತ್ತು. ಅವರ ಮಗುವನ್ನು ಮನೆಯಲ್ಲಿ ಮುಟ್ಟಿದೆ ಅಂತ ಅಕ್ಕಪಕ್ಕದವರು ಏನಂದಾರೋ ಅಂತ ಹೆದರಿದೆ. ಎಲೆಯಲ್ಲಿ ಅನ್ನ ಹಾಕಿಕೊಟ್ಟು ಬಾಗಿಲು ಹಾಕಿಕೊಂಡೆ."

ಮರುದಿನ ಬೆಳಿಗ್ಗೆ ಅವಳೇ ಸೀರೆ ಉಟ್ಟು ಹೊರಟು ನಿಂತಳು. "ನಿನ್ನ ಮಿಷಿನ್ ತಗೋ" ಎಂದಳು.

ಹುಲಿಗೆವ್ವ ಪೊರಕೆ ಕಟ್ಟುವುದನ್ನು ನಿಲ್ಲಿಸಲಿಲ್ಲ. ಕೆಂಚಪ್ಪ ಚಾಪೆ ಹಾಕಿದ. ಅಮ್ಮ ಚಾಪೆಯ ಮೇಲೆ ಕೂರದೆ ನೆಲಕ್ಕೇ ಕೂತಳು, ಮೈಕನ್ನು ನೋಡದೆ, ಹುಲಿಗೆವ್ವನ ಕೈಗಳನ್ನು ನೋಡುತ್ತ ಎಲ್ಲವನ್ನೂ ಹೇಳಿದಳು. ನನ್ನ ಹೆಡ್‌ಫೋನಿನಲ್ಲಿ ಈಚಲುಗರಿ ಸೀಳುವ ಸದ್ದು, ಅಮ್ಮನ ಉಸಿರು, ದೂರದಲ್ಲಿ ನಲ್ಲಿಯ ಸದ್ದು.

"ಬಿಸಿ ಅನ್ನ ಕೊಟ್ಟಿದ್ದೆ ನೀನು" ಎಂದಳು ಹುಲಿಗೆವ್ವ ಕೊನೆಗೆ. "ಕಾಲುವೆ ದಂಡೆ ಮ್ಯಾಲೆ ಕುಂತು ಮಗಿ ಮುಖ ನೋಡ್ದೆ. ಹೋಗಿತ್ತು. ಅನ್ನ ಇನ್ನೂ ಬಿಸಿ ಇತ್ತು."

"ಹೆಸರೇನು ಇಟ್ಟಿದ್ದಿರಿ?" ಅಮ್ಮ ಕೇಳಿದಳು.

"ನಿಂಗಿ. ಮೂವತ್ತೊಂದು ವರ್ಷಕ್ಕೆ ಕೇಳ್ದೆ ನೀನು."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಕ್ಷಮಿಸು ಅನ್ನೋಕೆ ನನಗೆ ಬಾಯಿ ಬರಲ್ಲ."

"ಬ್ಯಾಡ, ಅನ್ನಬ್ಯಾಡ. ಅದು ನನ್ನ ಕೈಯಾಗಿಲ್ಲ. ನೀನು ಹೇಳಿದ್ದು ನಿಮ್ಮೋರಿಗೆಲ್ಲ ಕೇಳ್ಲಿ." ಆಮೇಲೆ ಅವಳು ಮೊದಲ ಸಲ ಪೊರಕೆಯನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು. "ಅವತ್ತು ಬಾಗಿಲ ಒಳಗೆ ಒಂದು ಹುಡುಗಿ ಉಣ್ತಾ ಕೂತಿತ್ತು. ಎರಡು ಜಡೆ. ಅದು ನನ್ನ ಮಗೀನ ನೋಡ್ತು."

ನಾನು ಮೈಕಿನ ವೈರು ಸರಿಮಾಡಿದೆ. ಅಮ್ಮ ತಟ್ಟನೆ, "ಅದು ಏಳು ವರ್ಷದ ಕೂಸು, ಅದಕ್ಕೇನು ತಿಳೀತದೆ" ಎಂದಳು. ಹುಲಿಗೆವ್ವ ನನ್ನನ್ನೇ ನೋಡುತ್ತಿದ್ದಳು.

ವಾಪಸು ಬರುವಾಗ ಅಮ್ಮ ಹಗುರಾದವಳಂತೆ ಮಾತಾಡುತ್ತಿದ್ದಳು. ಹುಲಿಗೆವ್ವನ ಪಕ್ಕದ ಮನೆಯ ಮಗುವಿನ ಕೆಮ್ಮು ಅವಳಿಗೆ ಹಿಡಿಸಿರಲಿಲ್ಲ, ನಾಳೆ ಬಂದು ಎದೆ ಪರೀಕ್ಷಿಸಬೇಕು, ಸ್ಟೆತಾಸ್ಕೋಪು ಬೀರುವಿನ ಮೇಲಿನ ಪೆಟ್ಟಿಗೆಯಲ್ಲಿ... ಅಷ್ಟಕ್ಕೆ ಮಾತು ನಿಂತಿತು. ತಿರುಗಿ ನೋಡಿದೆ. ಕಬ್ಬಿಣದ ಪಟ್ಟಿ ನಮ್ಮ ಹಿಂದಿತ್ತು. ಅಮ್ಮನ ತುಟಿ ಅಲ್ಲಾಡುತ್ತಲೇ ಇತ್ತು. ನನ್ನ ಮುಖ ನೋಡಿ ಅವಳಿಗೆ ತಿಳಿಯಿತು. ನಾನು ಅವಳ ಕೈಹಿಡಿದು ಹಿಂದಕ್ಕೆ ಎಳೆದೆ. ಅವಳು ತಲೆಯಾಡಿಸಿ ನನ್ನನ್ನೇ ಮನೆಯ ಕಡೆ ಎಳೆದಳು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಅಮ್ಮನ ಮಾತು ಬೇಕೆಂದರೆ ರೆಕಾರ್ಡರ್ ಹಾಕಬೇಕಾಗುತ್ತಿತ್ತು. ಹೆಡ್‌ಫೋನು ಹಾಕಿಕೊಂಡು ಮೈಕನ್ನು ಅವಳ ಕಡೆ ಹಿಡಿದರೆ, "ಉಪ್ಪು ಕಮ್ಮಿ ಆಯ್ತೇನೇ?" ಎಂದು ಕೇಳುತ್ತಿದ್ದಳು. ದಿನವೂ ಬೆಳಿಗ್ಗೆ ಸ್ಟೆತಾಸ್ಕೋಪು ಚೀಲದಲ್ಲಿ ಹಾಕಿಕೊಂಡು ಸೇತುವೆ ದಾಟುತ್ತಿದ್ದಳು. ನಾನು ಒಮ್ಮೊಮ್ಮೆ ದಂಡೆಯವರೆಗೆ ಹೋಗಿ ನಿಲ್ಲುತ್ತಿದ್ದೆ. ಮಗುವಿಗೆ ತಣ್ಣೀರು ಕುಡಿಸಿದ್ದಕ್ಕೆ ಅವಳು ಯಾರನ್ನೋ ಗದರಿಸುತ್ತಿರುವುದು ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ.

ಅಮ್ಮನ ಕಂತನ್ನು ಹಾಕಿದೆ. ಹಾಕುವ ಮುಂಚೆ ಹನ್ನೊಂದು ಸೆಕೆಂಡು ತೆಗೆದೆ. ಎರಡು ಜಡೆಯ ಹುಡುಗಿ, ಅಮ್ಮನ ಉತ್ತರ, ಅಷ್ಟೇ. ಅಲ್ಲಿ ಕತ್ತರಿ ಬಿದ್ದಿದೆ ಎಂದು ಯಾರಿಗೂ ಗೊತ್ತಾಗದ ಹಾಗೆ ನಲ್ಲಿಯ ಸದ್ದಿನಿಂದ ಹೊಲಿದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಕಂತು ಕೇಳಿದ ಮೂರನೇ ದಿನ ಗೋವರ್ಧನ ಭಟ್ಟರು ಬಂದರು. ಅವರೊಬ್ಬರೇ ಅಲ್ಲ, ಬೆನ್ನಿಗೆ ಇನ್ನೂ ನಾಲ್ವರು. "ಕರಕೊಂಡು ಹೋಗ್ತೀಯಾ? ನನ್ನ ಅಪ್ಪ ಚಹಾ ಹೊಯ್ಯೋವಾಗ ನಾನು ಪಕ್ಕದಲ್ಲಿ ನಿಂತು ನಗ್ತಿದ್ದೆ" ಎಂದರು. ಅಲ್ಲಿಯವರ ಮುಂದೆ ಅದನ್ನೇ ಹೇಳಿ ವಾಪಸು ಬಂದಾಗ ಅವರ ದನಿಯೂ ಇರಲಿಲ್ಲ. ಈಗ ಹೋಟೆಲಿನಲ್ಲಿ ಗಂಟೆ ಬಾರಿಸಿ ಗಿರಾಕಿಗಳನ್ನು ಕರೆಯುತ್ತಾರೆ. ಹತ್ತು ಗಂಟೆಯ ದನಿ ಮಾತ್ರ ಹಿಂದಿನ ಕಿಟಕಿಗೆ ಮತ್ತೆ ಬರಲಿಲ್ಲ. ನಮ್ಮ ಮನೆಯ ಹಿತ್ತಿಲ ಬಾಗಿಲಿನ ದನಿ ದಿನವೂ ಬರುತ್ತಲೇ ಇತ್ತು. ಅಮ್ಮ ನನ್ನನ್ನು ನೋಡುತ್ತಿದ್ದಳು. ನಾನು ಕರೆಂಟಿನ ಬಿಲ್ಲನ್ನೋ ಪತ್ರಿಕೆಯನ್ನೋ ಓದುತ್ತಿದ್ದೆ.

ಮುಂದಿನ ಕಂತಿಗೆಂದು ಹೋದಾಗ ಹುಲಿಗೆವ್ವನ ಬಾಗಿಲು ಮುಚ್ಚಿತ್ತು. ಕೆಂಚಪ್ಪ ಜಗಲಿಯ ಮೇಲಿದ್ದ. ಎದ್ದು ನಿಲ್ಲಲಿಲ್ಲ.

"ಅಕ್ಕ ಇಲ್ಲ."

ಒಳಗೆ ಗರಿ ಸೀಳುವ ಸದ್ದು ಕೇಳುತ್ತಿತ್ತು. "ಇದ್ದಾಳೆ ಕೆಂಚಪ್ಪ."

"ಇದ್ದಾಳೆ, ನಿನಗಿಲ್ಲ. ಆ ಹುಡುಗಿ ಎಲ್ಲಿಗೆ ಹೋದ್ಲು ಅಂತ ಕೇಳು ಅಂದ್ಲು."

ನಾನು ಅಲ್ಲೇ ಬಿಸಿಲಲ್ಲಿ ನಿಂತೆ. ವಾಪಸು ಹೋಗಬಹುದಿತ್ತು. ನನ್ನ ಬಳಿ ಇರುವುದು ದನಿಯೊಂದೇ. ಎಂಟು ವರ್ಷ ವಾರ್ತೆ ಓದಿದ ದನಿ, ಬಸ್ಸಿನಲ್ಲಿ ಕೂತು ಮಾತಾಡಿದರೂ ಜನ ತಿರುಗಿ ನೋಡಿ 'ನೀವು ಅವರೇ ಅಲ್ಲವಾ' ಎಂದು ಕೇಳುವ ದನಿ. ಚೀಲದಿಂದ ರೆಕಾರ್ಡರ್ ತೆಗೆದೆ. ಎರಡು ಸಲ ತಪ್ಪು ಗುಂಡಿ ಒತ್ತಿದೆ. ಮುಚ್ಚಿದ ಬಾಗಿಲಿಗೆ ಮುಖಮಾಡಿ ಮಾತಾಡಿದೆ.

"ನನ್ನ ಹೆಸರು ವನಮಾಲಾ. ಆ ಹುಡುಗಿ ನಾನೇ. ಅಮ್ಮ ಒಳಕೋಣೆಯಲ್ಲಿ ಇದ್ದಳು. ಮೊದಲು ನೋಡಿದವಳು ನಾನು. ಮಗುವಿನ ಕಾಲು ತೂಗಾಡುತ್ತಿತ್ತು, ಕಣ್ಣಲ್ಲಿ ಬರೀ ಬಿಳಿ ಇತ್ತು. ಹುಲಿಗೆವ್ವ ಅನ್ನದ ಸನ್ನೆ ಮಾಡಲಿಲ್ಲ, ಮಗುವನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದಳು. ಒಳಗಿನಿಂದ ಅಮ್ಮ 'ಯಾರೇ, ಏನಂತೆ?' ಅಂತ ಕೇಳಿದಳು. ನಾನು 'ಅನ್ನ ಬೇಕಂತೆ' ಅಂದೆ. ಅಮ್ಮ ಆಮೇಲೆ ಬಂದು ತಾನೇ ನೋಡಿದಳು, ಅದು ಅವಳ ಪಾಲು. ಆದರೆ ಅನ್ನ ಅನ್ನೋ ಮಾತು ನನ್ನದು. ಅದನ್ನ ಅವಳು ನಿಮಗೂ ಹೇಳಲಿಲ್ಲ, ಊರಿಗೂ ಹೇಳಲಿಲ್ಲ. ನೀವು ಕೇಳಿದ್ದನ್ನ ನಾನು ಕತ್ತರಿಸಿ ಹಾಕಿದೆ."

ಗರಿ ಸೀಳುವ ಸದ್ದು ನಿಂತಿತ್ತು. ಬಾಗಿಲು ತೆರೆಯಿತು. ಹುಲಿಗೆವ್ವ ಹೊಸ್ತಿಲ ಒಳಗೇ ನಿಂತು ಕೇಳಿದಳು: "ಯಾಕೆ ಹಂಗಂದೆ?"

"ಅವತ್ತು ಭಾನುವಾರ. ಅಮ್ಮ ಮನೆಯಲ್ಲಿ ಇರೋದು ಆ ಒಂದೇ ದಿನ. ಯಾರಾದರೂ ಮಗು ಹಿಡಕೊಂಡು ಬಂದರೆ ನನ್ನ ಬಿಟ್ಟು ಎದ್ದು ಹೋಗ್ತಿದ್ದಳು. ಹೋಗದೇ ಇರಲಿ ಅಂತ."

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. "ಏಳು ವರ್ಷದ ಕೂಸಿಗೂ ಗೊತ್ತಿತ್ತು ನೋಡು ಕೆಂಚಾ, ನಮ್ಮ ಬಾಯಾಗೆ ಯಾವ ಮಾತು ಇಟ್ರೆ ನಡೀತದೆ ಅಂತ" ಎಂದಳು. ಆಮೇಲೆ ನನಗೆ, "ಇದನ್ನ ಹಾಕ್ತೀಯಾ?"

"ಹಾಕ್ತೀನಿ. ಕತ್ತರಿಸಿದ್ದನ್ನೂ ಸೇರಿಸಿ."

"ಇಲ್ಲೇ ಕುಂತು ಹಾಕು. ಮನೆಗೆ ಹೋದ್ರೆ ನಿನಗೆ ಕತ್ತರಿ ಸಿಗ್ತದೆ."

ಅವಳ ಜಗಲಿಯ ಮೇಲೆ ಕೂತು, ಫೋನಿನಲ್ಲಿಯೇ, ಕಂತನ್ನು ಪೂರ್ತಿಯಾಗಿ ಕಳಿಸಿದೆ. ಹೋಯಿತು ಎಂದು ಫೋನು ಸಣ್ಣಗೆ ಸದ್ದು ಮಾಡಿದಾಗ ಹುಲಿಗೆವ್ವ ಒಳಗೆ ಹೋದಳು, ಬಾಗಿಲು ಹಾಕಿಕೊಳ್ಳಲಿಲ್ಲ.

ಸೇತುವೆಯ ಮೇಲೆ ನಾನು ಬಾಯಿ ಬಿಡಲಿಲ್ಲ. ಪರೀಕ್ಷಿಸಿ ನೋಡುವ ಧೈರ್ಯವಿರಲಿಲ್ಲ. ಪೇಟೆಯ ತುದಿಯಲ್ಲಿ ಒಂದು ಆಟೋ ನಿಂತಿತು. "ಎಲ್ಲಿಗೆ ಮೇಡಂ?"

ಹೇಳಿದೆ. ನನ್ನ ಕಿವಿಗೆ ನನ್ನ ದನಿ ಎಂದಿನಂತೆಯೇ ಕೇಳಿಸಿತು. ಅವನು ಕತ್ತು ಮುಂದೆ ಮಾಡಿ ಮತ್ತೆ, "ಎಲ್ಲಿಗೆ?" ಎಂದ. ಇನ್ನೊಮ್ಮೆ ಹೇಳಿದೆ. ಅವನು ನನ್ನ ತುಟಿಗಳನ್ನೇ ನೋಡಿದ. ಅವನ ಮುಖ ನಿಧಾನವಾಗಿ ಬದಲಾಯಿತು. ನೋಡಬಾರದ್ದನ್ನು ನೋಡಿದವನಂತೆ ಕಣ್ಣು ಬೇರೆ ಕಡೆ ತಿರುಗಿಸಿ, ಗಾಡಿ ಮುಂದೆ ಬಿಟ್ಟುಕೊಂಡು ಹೋದ.

ನಡೆದೇ ಹೊರಟೆ. ತಿರುವಿನಲ್ಲಿ ಮೂವರು ಹೆಂಗಸರು ಚರಂಡಿ ತೆಗೆಯುತ್ತಿದ್ದರು. "ಬಂದ್ಲು ನೋಡ್ರೇ ರೇಡಿಯೋದಾಕೆ, ಮುಖ ನೋಡು ಹೆಂಗಾಗೈತೆ" ಎಂದಳು ಒಬ್ಬಳು. ಇನ್ನೊಬ್ಬಳು ಕಿಸಕ್ಕೆಂದಳು. ನಾನು ತಿರುಗಿ ನೋಡಿದೆ. ಮೂವರೂ ಸಲಿಕೆ ಹಿಡಿದು ನಿಂತುಬಿಟ್ಟರು. "ಅಯ್ಯೋ, ಕೇಳಿಸ್ತು ಇವಳಿಗೆ" ಎಂದಳು ಮೊದಲನೆಯವಳು.

ಬೀದಿಯಲ್ಲಿ ಎಲ್ಲ ಕಡೆ ಮಾತಿತ್ತು. ಹೂ ಮಾರುವವಳ ಹಿಂದೆ, ಗಾಡಿ ತಳ್ಳುವವನ ಪಕ್ಕ, ಮೋರಿಯ ಕೆಳಗಿನಿಂದ. ದಿನವೂ ಇದರ ನಡುವೆಯೇ ನಡೆದುಕೊಂಡು ಹೋಗಿ ಊರು ಎಷ್ಟು ಸುಮ್ಮನಿದೆ ಎಂದುಕೊಂಡಿದ್ದೆ. ಕಾಲು ಬೇಗಬೇಗ ಎತ್ತಿಟ್ಟೆ. ನಮ್ಮ ಮನೆ ಇನ್ನೂ ನಾಲ್ಕು ಮನೆ ಆಚೆ ಇರುವಾಗಲೇ ಅಮ್ಮನ ದನಿ ಕೇಳಿಸಿತು. ಮೈಕಿಲ್ಲದೆ, ಹೆಡ್‌ಫೋನಿಲ್ಲದೆ. ಒಲೆಯ ಮುಂದೆ ನಿಂತು ಯಾರಿಗೂ ಅಲ್ಲದೆ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು: "ಎಲ್ಲಿ ಹೋದಳೋ ಇವಳು, ಇಷ್ಟು ಹೊತ್ತಾಯ್ತು, ಊಟಾನೂ ಮಾಡಿಲ್ಲ."

ನಾನು ಅಲ್ಲಿಂದಲೇ ಕೂಗಿದೆ. ಎದುರುಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ತಲೆಯೆತ್ತಲಿಲ್ಲ. ಒಳಗೆ ಸೌಟು ಪಾತ್ರೆಗೆ ಬಿದ್ದ ಸದ್ದಾಯಿತು.